ರಾಗಿ ಲಕ್ಷ್ಮಣಯ್ಯನವರು

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಹಿರಿಯರನ್ನು ನೆನೆಯುವ ಪುಟಗಳಿವೆ. ಅದರಲ್ಲಿ ಒಂದು ಪುಟ ಸಿ.ಎಚ್. ಲಕ್ಷ್ಮಣಯ್ಯನವರಿಗೆ ಮೀಸಲಿರಲಿ ಎಂದು ನಾವು ಬಯಸಿದೆವು. ಈ ಹೆಸರು ಹೇಳಿದರೆ ಈಗಿನ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. ಇಂಡಾಫ್ ರಾಗಿ ಮಾಡಿದವರು ಎಂದರೆ ಹಿರೀಕರು ಕೂಡಲೇ ತಲೆಯಾಡಿಸುತ್ತಾರೆ.

1921ರಲ್ಲಿ ಹುಟ್ಟಿದ ಲಕ್ಷ್ಮಣಯ್ಯನವರು ದುಡಿದದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ನಾಲೆ ನೀರು ಹರಿಯುವ ಸೀಮೆ, ಸುತ್ತ ಭತ್ತ, ಕಬ್ಬು. ಅಂಥ ಕಡೆ ಕೂತು ಒಣಹೊಲದ ರಾಗಿಯನ್ನು ಕೈಗೆತ್ತಿಕೊಂಡದ್ದೇ ದೊಡ್ಡದು ಅನ್ನಿ.

ರಾಗಿ ಹೂವನ್ನು ನಾವು ಯಾರೂ ಸರಿಯಾಗಿ ನೋಡಿಲ್ಲ. ನೋಡೋಣವೆಂದರೆ ಕಣ್ಣಿಗೆ ನಿಲುಕುವುದಿಲ್ಲ, ಅಷ್ಟು ಸಣ್ಣದು. ಗಂಡು ಹೆಣ್ಣು ಎರಡೂ ಒಂದೇ ಹೂವಿನೊಳಗೆ. ಬೆಳಕು ಹರಿಯುವ ಮುಂಚೆಯೇ ತನ್ನಷ್ಟಕ್ಕೆ ತಾನೇ ಕಾಳುಕಟ್ಟುವ ಕೆಲಸ ಮುಗಿಸಿಬಿಡುತ್ತದೆ. ಒಂದು ತಳಿಯ ಜೊತೆ ಇನ್ನೊಂದನ್ನು ಕೂಡಿಸುವುದೆಂದರೆ ಹುಡುಗಾಟವಲ್ಲ. ಕೂಡಿಸಿದ ಮೇಲೂ ವರ್ಷಗಟ್ಟಲೆ ಬಿತ್ತಿ, ಆರಿಸಿ, ಮತ್ತೆ ಬಿತ್ತಬೇಕು. ಇಷ್ಟು ತಾಳ್ಮೆಯಿಂದ 1950 ಮತ್ತು 60ರ ದಶಕಗಳಲ್ಲಿ ಅವರು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಇವೆಲ್ಲ ನಮ್ಮ ನಾಡ ರಾಗಿಗಳ ಸಂಬಂಧದಲ್ಲೇ ಹುಟ್ಟಿದವು.

ಆ ಕಾಲ ಎಂಥದ್ದು? 1965-66ರ ಬರಗಾಲದಲ್ಲಿ ದೇಶ ಅಮೆರಿಕದ ಪಿ.ಎಲ್. 480 ಗೋಧಿ ಹಡಗಿಗೆ ಕಾದು ಕೂತಿತ್ತು. ಮೆಕ್ಸಿಕೋದಿಂದ ಗಿಡ್ಡ ಗೋಧಿ ಬಂತು, ಫಿಲಿಪ್ಪೀನ್ಸಿನಿಂದ ಐ.ಆರ್.-8 ಭತ್ತ ಬಂತು. ಎರಡಕ್ಕೂ ನೀರು ಬೇಕು, ಗೊಬ್ಬರ ಬೇಕು. ಮಳೆ ನಂಬಿದ ಹೊಲದವನ ಹೊಟ್ಟೆಯ ಮಾತೇನು? ಆ ಪ್ರಶ್ನೆಗೆ ಮಂಡ್ಯದಲ್ಲಿ ಉತ್ತರ ತಯಾರಾಗುತ್ತಿತ್ತು.

ರಾಗಿಯ ತವರು ಪೂರ್ವ ಆಫ್ರಿಕಾ. ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದು ನಮ್ಮದೇ ಆಗಿಹೋಯಿತು. ಅಲ್ಲೇ ಉಳಿದ ರಾಗಿಗೆ ದಪ್ಪ ಕಡ್ಡಿ, ದೊಡ್ಡ ತೆನೆ, ಬೆಂಕಿ ರೋಗ ತಡೆಯುವ ಗುಣ. ಆದರೆ ಕಟಾವಿಗೆ ಬರುವುದು ತಡ. ನಮ್ಮದು ನಮ್ಮ ಮಳೆಗೆ ಒಗ್ಗಿದ್ದು. ಲಕ್ಷ್ಮಣಯ್ಯನವರು ಈ ದೂರವಾದ ದಾಯಾದಿಗಳನ್ನು ಮತ್ತೆ ಒಂದೇ ಪಂಕ್ತಿಗೆ ಕೂರಿಸಿದರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್. 1970ರ ದಶಕದಿಂದ ಈ ತಳಿಗಳು ಒಂದರ ಹಿಂದೆ ಒಂದು ಹೊಲಕ್ಕೆ ಬಂದವು. ಮೊದಲೇ ಹದ ಮಳೆ ಸಿಕ್ಕಿದವನಿಗೆ ದೀರ್ಘಾವಧಿಯ ಇಂಡಾಫ್-8, ಮಳೆ ಕೈಕೊಟ್ಟು ಬಿತ್ತನೆ ತಡವಾದವನಿಗೆ ಬೇಗ ಬರುವ ಇಂಡಾಫ್-9. ಬಡವನ ಕಷ್ಟ ಬಲ್ಲವರ ಕೆಲಸ ಇದು.

ಗೋಧಿ ಕ್ರಾಂತಿಯವರಿಗೆ ಸಿಕ್ಕ ಹೆಸರು ಇವರಿಗೆ ಸಿಗಲಿಲ್ಲ. ರಾಗಿ ಉಂಡವರ ಮನೆಯಲ್ಲಿ ಪತ್ರಿಕೆ ಎಲ್ಲಿತ್ತು ಎಂದು ನಮಗೆ ಅನ್ನಿಸುವುದುಂಟು. ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ್ದು 2023ನ್ನು.

ಸೊಸೈಟಿಗೆ ಬಂದು ಜಿಪಿಯು-28 ಕೊಡಿ, ಅದೇ ಒಳ್ಳೆ ಬೀಜ ಎಂದು ಕೇಳುವ ಸದಸ್ಯರಿಗೆ ಒಂದು ಮಾತು. ಅದರ ತಾಯಿ ಇಂಡಾಫ್-5; ತಂದೆಯ ಕಡೆಯಲ್ಲಿ ಇಂಡಾಫ್-9ರ ರಕ್ತವೂ ಇದೆ.