2,130 ಪಂದ್ಯಗಳ ಬಳಿಕ ತಾನಾಗಿಯೇ ಬೆಂಚಿಗೆ ಸರಿದ ನಾಯಕ ಲೂ ಗೆಹ್ರಿಗ್

1939ರ ಮೇ 2. ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ ಪಂದ್ಯಕ್ಕೆ ಮುನ್ನ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ನಾಯಕ ಲೂ ಗೆಹ್ರಿಗ್, ಮ್ಯಾನೇಜರ್ ಜೋ ಮೆಕಾರ್ಥಿ ಅವರ ಬಳಿ ಹೋಗಿ ತಮ್ಮನ್ನು ಕೈಬಿಡುವಂತೆ ಕೇಳಿಕೊಂಡರು. 1925ರಿಂದ ಅವರು ಒಂದೂ ಪಂದ್ಯ ತಪ್ಪಿಸಿರಲಿಲ್ಲ. ಸತತ 2,130 ಪಂದ್ಯ! ಬೆರಳು ಮುರಿದಾಗಲೂ, ಬೆನ್ನು ನೋವಿನಲ್ಲೂ ಆಡಿದ್ದರು.

ಗೆಹ್ರಿಗ್ ಹುಟ್ಟಿದ್ದು 1903ರ ಜೂನ್ 19ರಂದು, ನ್ಯೂಯಾರ್ಕ್‌ನಲ್ಲಿ. ತಂದೆ ತಾಯಿ ಜರ್ಮನಿಯಿಂದ ವಲಸೆ ಬಂದ ಬಡವರು. ನಾಲ್ವರು ಮಕ್ಕಳಲ್ಲಿ ಉಳಿದದ್ದು ಇವರೊಬ್ಬರೇ. ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಸತಿಗೃಹವೊಂದರಲ್ಲಿ ತಾಯಿ ಅಡುಗೆ ಮಾಡುತ್ತಿದ್ದರು. ಮಗ ಓದಿದ್ದೂ ಅದೇ ವಿಶ್ವವಿದ್ಯಾಲಯದಲ್ಲಿ. 1923ರಲ್ಲಿ ಓದು ಬಿಟ್ಟು ಯಾಂಕೀಸ್ ಸೇರಿದರು. 1925ರ ಜೂನ್ 2ರಂದು ವಾಲಿ ಪಿಪ್ ಬದಲಿಗೆ ಮೊದಲ ಬೇಸ್ ಕಾಯಲು ನಿಂತವರು ಮತ್ತೆ ಆ ಜಾಗ ಬಿಡಲಿಲ್ಲ.

ಆದರೆ ಅದೇ ತಂಡದಲ್ಲಿ ಬೇಬ್ ರೂತ್ ಇದ್ದರು. 1927ರಲ್ಲಿ ರೂತ್ 60 ಹೋಮ್ ರನ್ ಹೊಡೆದರೆ ಗೆಹ್ರಿಗ್ 47. ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಗೆಹ್ರಿಗ್‌ಗೆ ಬಂತು ನಿಜ. ಒಮ್ಮೆ ಗೆದ್ದವರಿಗೆ ಮತ್ತೆ ಕೊಡುವಂತಿಲ್ಲ ಎಂಬ ನಿಯಮ ರೂತ್‌ಗೆ ಅಡ್ಡಿಯಾಗಿತ್ತು ಎಂಬುದನ್ನೂ ಮರೆಯಬಾರದು. 1932ರ ಜೂನ್ 3ರಂದು ಗೆಹ್ರಿಗ್ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದರು. ದುರದೃಷ್ಟ ನೋಡಿ, ಅದೇ ದಿನ ಜೈಂಟ್ಸ್ ತಂಡದ ಹೆಸರಾಂತ ಮ್ಯಾನೇಜರ್ ಜಾನ್ ಮೆಕ್‌ಗ್ರಾ ನಿವೃತ್ತರಾದರು. ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿಯಾಯಿತು. ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಸ್ವಭಾವ ಅವರದ್ದಲ್ಲ. ಹಾಗೆಂದು ಅವರೇನೂ ಸಂತರಲ್ಲ. ಮನಸ್ತಾಪದಿಂದ ರೂತ್ ಜತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು.

1939ರಲ್ಲಿ ಮೈ ಹೇಳಿದಂತೆ ಕೇಳದಾಯಿತು. ಎಂಟು ಪಂದ್ಯಗಳಲ್ಲಿ ನಾಲ್ಕೇ ಹಿಟ್. ಕೊನೆಗೆ ವಾಷಿಂಗ್ಟನ್ ವಿರುದ್ಧ ಒಬ್ಬನನ್ನು ಔಟ್ ಮಾಡಿದಾಗ ಸಹ ಆಟಗಾರರು ಭೇಷ್ ಎಂದರು. ಅದು ದಿನವೂ ಮಾಡುವ ಸುಲಭದ ಕೆಲಸ. ಅದಕ್ಕೂ ಮೆಚ್ಚುಗೆ ಸಿಗುವಂತಾಯಿತಲ್ಲ ಎಂಬುದೇ ಅವರಿಗೆ ಚುಚ್ಚಿತು. ಹೊರಹೋಗುವ ಸಮಯ ಬಂತೆಂದು ಆಗ ತಿಳಿಯಿತು. ಡೆಟ್ರಾಯ್ಟ್‌ನಲ್ಲಿ ತಮ್ಮ ಹೆಸರಿಲ್ಲದ ಆಟಗಾರರ ಪಟ್ಟಿಯನ್ನು ನಾಯಕನಾಗಿ ತಾವೇ ಅಂಪೈರ್‌ಗೆ ಒಯ್ದು ಕೊಟ್ಟರು. ಆ ದಿನ ಯಾಂಕೀಸ್ 22–2ರಿಂದ ಗೆದ್ದಿತು.

ಜೂನ್‌ನಲ್ಲಿ ಮೇಯೋ ಕ್ಲಿನಿಕ್ ವೈದ್ಯರು ಎಎಲ್‌ಎಸ್ ಎಂದರು. ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುವ ರೋಗ, ಮದ್ದಿಲ್ಲ. ಅಮೆರಿಕದಲ್ಲಿ ಇಂದಿಗೂ ಅದಕ್ಕೆ ಅವರದೇ ಹೆಸರು.

ಜುಲೈ 4ರಂದು ಯಾಂಕೀ ಸ್ಟೇಡಿಯಂನಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಮುಂದೆ ಬೀಳ್ಕೊಡುಗೆ. ರೋಗದ ಬಗ್ಗೆ ಗೋಳಾಡದೆ, ತಾನು ಅದೃಷ್ಟವಂತ ಎಂದೇ ಹೇಳಿಕೊಂಡರು. ಮ್ಯಾನೇಜರ್‌ಗಳು, ಜತೆಗಾರರು ಮಾತ್ರವಲ್ಲ, ಎದುರಾಳಿ ಜೈಂಟ್ಸ್ ತಂಡ, ಮೈದಾನದ ಕೆಲಸಗಾರರು, ಅತ್ತೆ ಎಲ್ಲರನ್ನೂ ನೆನೆದರು. ರೂತ್ ಬಂದು ಅಪ್ಪಿಕೊಂಡರು. ಅವರ 4ನೇ ಸಂಖ್ಯೆಯ ಅಂಗಿಯನ್ನು ಮತ್ಯಾರಿಗೂ ಕೊಡುವುದಿಲ್ಲ ಎಂದು ತಂಡ ತೀರ್ಮಾನಿಸಿತು. ಮೇಜರ್ ಲೀಗ್‌ನಲ್ಲಿ ಅದೇ ಮೊದಲು.

ಉಳಿದ ಋತುವಿಡೀ ಆಡಲಾಗದಿದ್ದರೂ ನಾಯಕನಾಗಿ ತಂಡದ ಬೆಂಚಿನಲ್ಲೇ ಕುಳಿತರು. ಯಾಂಕೀಸ್ ಆ ವರ್ಷವೂ ವರ್ಲ್ಡ್ ಸೀರೀಸ್ ಗೆದ್ದಿತು. ಬಳಿಕ ಹೆಚ್ಚು ಹಣ ಸಿಗುವ ಅವಕಾಶಗಳನ್ನು ಬಿಟ್ಟು, ನ್ಯೂಯಾರ್ಕ್ ನಗರದ ಪೆರೋಲ್ ಆಯೋಗದ ಸದಸ್ಯರಾಗಿ ಕೈದಿಗಳ ಅರ್ಜಿ ವಿಚಾರಿಸಿದರು. 1941ರ ಜೂನ್ 2ರಂದು, 37ನೇ ವಯಸ್ಸಿನಲ್ಲಿ ತೀರಿಕೊಂಡರು. ಪಿಪ್ ಜಾಗಕ್ಕೆ ಬಂದು ಅಂದಿಗೆ ಸರಿಯಾಗಿ 16 ವರ್ಷ.