ವ್ಯಾಖ್ಯೆಗಿಂತ ಮೊದಲು ಚಿಟ್ಟೆ: ಹೆನ್ರಿ ವಾಲ್ಟರ್ ಬೇಟ್ಸ್

ಪ್ರಾಣಿಗಳ ಆತ್ಮರಕ್ಷಣೆಯ ಪಾಠಕ್ಕೆ ಪ್ರಶಿಕ್ಷಣಾರ್ಥಿಗಳು ತರುವ ಪಾಠಯೋಜನೆಗಳಲ್ಲಿ ಮೊದಲು ‘ಅನುಕರಣೆ’ಯ ವ್ಯಾಖ್ಯೆ, ಆಮೇಲೆ ಉದಾಹರಣೆ ಇರುವುದನ್ನು ನೋಡುತ್ತ ಬಂದಿದ್ದೇನೆ. ಈ ಕ್ರಮ ತಿರುಗಬೇಕೆಂದು ವಾದಿಸಲು ನನಗೆ ಬೇಟ್ಸ್ ಅವರ ಬದುಕೇ ಆಧಾರ.

ಬೇಟ್ಸ್ 1825ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹುಟ್ಟಿದರು. ಹದಿಮೂರರ ಸುಮಾರಿಗೆ ಶಾಲೆ ಮುಗಿಯಿತು. ಕಾಲುಚೀಲದ ವ್ಯಾಪಾರಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ಹಗಲು ದುಡಿಮೆ, ರಾತ್ರಿ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದು, ಬಿಡುವಿನಲ್ಲಿ ಜೀರುಂಡೆಗಳ ಬೇಟೆ. ಅದೇ ಊರಿನಲ್ಲಿ ಶಾಲಾ ಶಿಕ್ಷಕರಾಗಿದ್ದ ಆಲ್‌ಫ್ರೆಡ್ ರಸೆಲ್ ವಾಲೇಸ್‌ಗೆ ಜೀರುಂಡೆ ಸಂಗ್ರಹದ ಗೀಳು ಹತ್ತಿಸಿದವರು ಇವರೇ. 1848ರಲ್ಲಿ ಇಬ್ಬರೂ ಅಮೆಜಾನ್‌ಗೆ ಹೊರಟರು. ವಾಲೇಸ್ ನಾಲ್ಕು ವರ್ಷಕ್ಕೆ ಮರಳಿದರು. ಬೇಟ್ಸ್ ಕೀಟಗಳ ಮಾದರಿಗಳನ್ನು ಮಾರಿ ಜೀವನ ನಡೆಸುತ್ತ ಹನ್ನೊಂದು ವರ್ಷ ಉಳಿದರು.

ಅಲ್ಲಿ ಕೆಲವು ಚಿಟ್ಟೆಗಳು ಢಾಳಾದ ಬಣ್ಣ ಹೊತ್ತು ನಿಧಾನವಾಗಿ ಹಾರುತ್ತಿದ್ದವು. ಆದರೂ ಹಕ್ಕಿಗಳು ಅವುಗಳ ಬೆನ್ನು ಹತ್ತಿದ್ದನ್ನು ಬೇಟ್ಸ್ ಕಾಣಲಿಲ್ಲ. ಅವುಗಳ ನಡುವೆ ಬೇರೆ ಕುಟುಂಬದ ಚಿಟ್ಟೆಗಳೂ ಅದೇ ವೇಷದಲ್ಲಿದ್ದವು. ಮೊದಲನೆಯವು ಹಕ್ಕಿಗಳಿಗೆ ರುಚಿಸವು. ಎರಡನೆಯವು ಆ ರೂಪದ ಮರೆಯಲ್ಲಿ ಬದುಕುತ್ತವೆ. ಹೋಲಿಕೆ ಹೆಚ್ಚಿದಷ್ಟೂ ಉಳಿಯುವ ಅವಕಾಶ ಹೆಚ್ಚು ಎಂದು 1862ರ ಪ್ರಬಂಧದಲ್ಲಿ ವಿವರಿಸಿದರು. ಡಾರ್ವಿನ್ನರ ನೈಸರ್ಗಿಕ ಆಯ್ಕೆಗೆ ಇದು ಬಲವಾದ ಸಾಕ್ಷಿಯಾಯಿತು. ರುಚಿಸದ ಎರಡು ಜಾತಿಗಳೇ ಒಂದನ್ನೊಂದು ಹೋಲುವುದೇಕೆ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಅದಕ್ಕೆ 1870ರ ದಶಕದ ಕೊನೆಯಲ್ಲಿ ಉತ್ತರ ಕೊಟ್ಟವರು ಬ್ರೆಜಿಲ್‌ನಲ್ಲಿ ಗಣಿತ ಕಲಿಸಿದ್ದ ಫ್ರಿಟ್ಜ್ ಮ್ಯೂಲರ್: ಹಕ್ಕಿಗಳು ಪಾಠ ಕಲಿಯುವಾಗ ಆಗುವ ಪ್ರಾಣಹಾನಿಯನ್ನು ಎರಡೂ ಜಾತಿಗಳು ಹಂಚಿಕೊಳ್ಳುತ್ತವೆ. ಬೇಟ್ಸ್ 1892ರಲ್ಲಿ ತೀರಿಕೊಂಡರು.

ಈ ಪಾಠಕ್ಕೆ ಅಮೆಜಾನ್ ಬೇಕಿಲ್ಲ. ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು ನಮ್ಮ ರಸ್ತೆಬದಿಯ ಎಕ್ಕದ ಎಲೆ ತಿನ್ನುತ್ತದೆ; ಎಕ್ಕದಲ್ಲಿ ಹೃದಯಕ್ಕೆ ಕೆಡುಕು ಮಾಡುವ ಕಾರ್ಡಿನೊಲೈಡ್ ವಿಷಗಳಿವೆ. ನಾವು ಸಾರಿಗೆ ಹಾಕುವ ಗೋಣಿಸೊಪ್ಪನ್ನು ತಿಂದು ಬೆಳೆಯಬಲ್ಲ ಡನಾಯ್ಡ್ ಎಗ್‌ಫ್ಲೈನ ಹೆಣ್ಣು ಅದೇ ಕಿತ್ತಳೆ ವೇಷ ತೊಡುತ್ತದೆ. ಪೀಠಿಕೆಯಲ್ಲಿ ಎರಡರ ಚಿತ್ರಗಳನ್ನೂ ಹೆಸರಿಲ್ಲದೆ ತೋರಿಸಿ, ಹಕ್ಕಿ ಯಾವುದನ್ನು ತಿಂದೀತು ಎಂದು ಕೇಳಿ. ಮಕ್ಕಳು ಕಾರಣ ಹುಡುಕಿದ ಮೇಲೆ ಕಪ್ಪುಹಲಗೆಯ ಮೇಲೆ ‘ಅನುಕರಣೆ’ ಎಂದು ಬರೆಯಿರಿ. ಹೊರಗೆ ಕರೆದೊಯ್ದರೆ ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಮೊದಲೇ ಎಚ್ಚರಿಸಿ.