ಆಂಟೆನಾ ನಿಂತಲ್ಲೇ, ಅಲೆ ಮಾತ್ರ ತಿರುಗಿತು

ಟೆರೇಸ್ ಮೇಲಿನ ಡಿಶ್ ಸ್ವಲ್ಪ ವಾಲಿದರೂ ಸಾಕು, ಸಿಗ್ನಲ್ ಹೋಯ್ತು. ಮೇಲೆ ಹತ್ತಿ ಕೈಯಲ್ಲೇ ತಿರುಗಿಸಬೇಕು. ಆಂಟೆನಾ ಮುಟ್ಟದೆ ಅಲೆಯನ್ನೇ ತಿರುಗಿಸೋಕಾಗುತ್ತೆ ಅಂತ 1905ರಲ್ಲೇ ತೋರಿಸಿದವರು ಕಾರ್ಲ್ ಫರ್ಡಿನಾಂಡ್ ಬ್ರೌನ್.

ಹುಟ್ಟಿದ್ದು 1850ರಲ್ಲಿ, ಜರ್ಮನಿಯ ಫುಲ್ಡಾದಲ್ಲಿ. 1874ರಲ್ಲಿ, ಹೆಚ್ಚುಕಮ್ಮಿ ನಮ್ಮ ಸೀನಿಯರ್‌ಗಳ ವಯಸ್ಸಿನಲ್ಲಿ, ಕೆಲವು ಲೋಹದ ಸಲ್ಫೈಡ್ ಹರಳುಗಳಲ್ಲಿ ಕರೆಂಟು ಒಂದು ಕಡೆಗೆ ಮಾತ್ರ ಸಲೀಸಾಗಿ ಹರಿಯೋದನ್ನು ಕಂಡರು. ನಮ್ಮ ಡಯೋಡಿನ ಅಜ್ಜ ಅದು. 1897ರಲ್ಲಿ ಕ್ಯಾಥೋಡ್ ರೇ ಟ್ಯೂಬ್ ಮಾಡಿದರು, ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಆಮೇಲೆ ವೈರ್‌ಲೆಸ್ ಕೆಲಸಕ್ಕೆ 1909ರಲ್ಲಿ ಮಾರ್ಕೋನಿ ಜೊತೆ ನೊಬೆಲ್ ಬಂತು. ಪರೀಕ್ಷೆಗೆ ನಾವು ಬರೆಯೋದು ಮಾರ್ಕೋನಿ ಹೆಸರೊಂದನ್ನೇ ಬಿಡಿ.

ನನಗೆ ಇಷ್ಟವಾದದ್ದು ಸ್ಟ್ರಾಸ್‌ಬರ್ಗ್‌ನ ಆ ಪ್ರಯೋಗ. ತ್ರಿಕೋನದ ಮೂಲೆಗೊಂದರಂತೆ ಮೂರು ಆಂಟೆನಾ ನೆಟ್ಟರು. ಒಂದಕ್ಕೂ ಉಳಿದೆರಡಕ್ಕೂ ನಡುವೆ ಫೇಸ್ ವ್ಯತ್ಯಾಸ ಇಟ್ಟರು. ಅಲೆಗಳು ಒಂದು ಕಡೆ ಕೂಡಿಕೊಂಡವು, ಎದುರು ಕಡೆ ಒಂದನ್ನೊಂದು ಅಳಿಸಿದವು. ಆ ಪಾಳಿಯನ್ನು ಬೇರೆ ಆಂಟೆನಾಕ್ಕೆ ಬದಲಿಸಿದರೆ ಬೀಮ್ 120 ಡಿಗ್ರಿ ತಿರುಗುತ್ತೆ. ಮೋಟರ್ ಇಲ್ಲ, ಗೇರ್ ಇಲ್ಲ. ಇದೇ ಫೇಸ್ಡ್ ಅರೇ.

ಮೂರು ಆಂಟೆನಾಕ್ಕೆ ಸರಿ, ನೂರಾರು ಇದ್ದರೆ? ಒಂದೊಂದರ ಹಿಂದೆಯೂ ಫೇಸ್ ಬದಲಿಸುವ ಸರ್ಕ್ಯೂಟ್ ಬೇಕು, ದುಡ್ಡೆಲ್ಲ ಅಲ್ಲೇ ಕರಗುತ್ತೆ. ಅದಕ್ಕೇ ಈಗ ಕೆಲವರು ಆ ಕೆಲಸವನ್ನು ವಸ್ತುವಿಗೇ ಒಪ್ಪಿಸುತ್ತಿದ್ದಾರೆ. ಲಿಕ್ವಿಡ್ ಕ್ರಿಸ್ಟಲ್ ತೆಳುವಾಗಿ ತುಂಬಿ ವೋಲ್ಟೇಜ್ ಕೊಟ್ಟರೆ ಅಣುಗಳು ಹೊರಳುತ್ತವೆ, ಪರ್ಮಿಟಿವಿಟಿ ಬದಲಾಗುತ್ತೆ, ಅಲೆಯ ವೇಗ ಬದಲಾಗುತ್ತೆ, ಫೇಸ್ ಜಾರುತ್ತೆ. ಡಿಸ್‌ಪ್ಲೇ ಮಾಡುವ ಫ್ಯಾಕ್ಟರಿಯಲ್ಲೇ ಇಂಥ ಪ್ಯಾನೆಲ್ ಮಾಡಬಹುದು, ಅಗ್ಗವಾಗುವ ದಾರಿ ಅದೇ. ಆದರೆ ಅಣುಗಳು ಹೊರಳೋದು ನಿಧಾನ, ಚಳಿಯಲ್ಲಂತೂ ಇನ್ನೂ ನಿಧಾನ. ಬೇರಿಯಂ ಸ್ಟ್ರಾಂಶಿಯಂ ಟೈಟನೇಟ್ ಬಲು ಚುರುಕು, ಫ್ರೀಕ್ವೆನ್ಸಿ ಏರಿದಂತೆ ಅದು ಸಿಗ್ನಲ್ಲನ್ನೇ ನುಂಗುತ್ತೆ. ಒಂದು ತಮಾಷೆ ನೋಡಿ: ಬ್ರೌನರ ಟ್ಯೂಬನ್ನು ಟಿವಿಯಿಂದ ಓಡಿಸಿದ್ದು ಇದೇ ಲಿಕ್ವಿಡ್ ಕ್ರಿಸ್ಟಲ್. ಈಗ ಅವರದೇ ಇನ್ನೊಂದು ಐಡಿಯಾಕ್ಕೆ ಕೂಲಿಯಾಗಿ ಬಂದಿದೆ.

ಇದ್ಯಾವುದನ್ನೂ ಅವರು ನೋಡಲಿಲ್ಲ. ಅಮೆರಿಕದ ಸೇವಿಲ್‌ನಲ್ಲಿದ್ದ ಜರ್ಮನ್ ವೈರ್‌ಲೆಸ್ ಸ್ಟೇಷನ್ ಮೇಲೆ ಪೇಟೆಂಟ್ ಕೇಸು ಬಿದ್ದಿತ್ತು. ಮಹಾಯುದ್ಧದ ನಡುವೆಯೇ, 64ರ ವಯಸ್ಸಿನಲ್ಲಿ, ಆರೋಗ್ಯ ಸರಿಯಿಲ್ಲದಿದ್ದರೂ ಸಾಕ್ಷಿ ಹೇಳಲು ಹಡಗು ಹತ್ತಿದರು. 1917ರಲ್ಲಿ ಅಮೆರಿಕವೂ ಯುದ್ಧಕ್ಕಿಳಿಯಿತು, ಇವರು ಶತ್ರು ದೇಶದವರಾದರು. ವಾಪಸ್ ಹೋಗಲಾಗಲಿಲ್ಲ. 1918ರ ಏಪ್ರಿಲ್ 20ರಂದು ಬ್ರೂಕ್ಲಿನ್‌ನಲ್ಲಿ ತೀರಿಕೊಂಡರು. ಯುದ್ಧ ನಿಲ್ಲಲು ಇನ್ನೂ ಏಳು ತಿಂಗಳಿತ್ತು. ಅದು ನಿಂತಾಗ ಅವರ ಸ್ಟ್ರಾಸ್‌ಬರ್ಗ್ ಫ್ರಾನ್ಸಿನ ಪಾಲಾಯಿತು.